ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ ಸಪೋರ್ಟ್ ಯಾರು ಕೊಡ್ತಾರೆ?

ಪ್ರಶ್ನೆ: ಗದಗದಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಮೂರು ಹಳೆ ಕಂಪ್ಯೂಟರ್, ಮೂರರಲ್ಲೂ ವಿಂಡೋಸ್ 10. ವಿಂಡೋಸ್ 11 ಹಾಕೋಕೆ ಹೋದರೆ ಈ ಮಷಿನ್‌ಗೆ ಆಗಲ್ಲ ಅಂತ ತೋರಿಸ್ತಿದೆ. ಪುಟ ಕಟ್ಟೋಕೆ ಪೇಜ್‌ಮೇಕರ್, ಚಿತ್ರ-ಡಿಸೈನ್‌ಗೆ ಕೋರೆಲ್, ಕನ್ನಡ ಟೈಪಿಂಗ್‌ಗೆ ನುಡಿ ಬೇಕೇ ಬೇಕು. ಹೊಸದು ತಗೊಳ್ಳಲಾ, ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಹಾಕಲಾ? ಪುಕ್ಕಟೆ ಅಂತಾರೆ ಸರಿ, ನಾಳೆ ಕೆಟ್ಟರೆ ಸಪೋರ್ಟ್ ಯಾರು ಕೊಡ್ತಾರೆ?

ಉತ್ತರ:

ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಗದಗ, ಲಕ್ಷ್ಮೇಶ್ವರ, ಹಾವೇರಿಯ ಪ್ರೆಸ್‌ನವರೂ ಬರುತ್ತಾರೆ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಲಿನಕ್ಸ್‌ಗೆ ಸಪೋರ್ಟ್ ಯಾರು ಅಂತ ಕೇಳಿದ್ದೀರಿ. ಸರಿ, ಪೇಜ್‌ಮೇಕರ್‌ಗೆ ಈಗ ಯಾರು ಕೊಡುತ್ತಿದ್ದಾರೆ? ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅದರ ಕಂಪನಿ ಅಡೋಬಿ ಅದನ್ನು ಅಲ್ಲಿಗೇ ಬಿಟ್ಟು ತನ್ನ ಇನ್ನೊಂದು ಪುಟವಿನ್ಯಾಸ ಸಾಫ್ಟ್‌ವೇರ್ ಇನ್‌ಡಿಸೈನ್ ಹಿಂದೆ ಹೋಯಿತು. ಅಂದರೆ ನಮ್ಮ ಕಡೆಯ ಪ್ರೆಸ್‌ಗಳು ಕಂಪನಿಯ ಸಪೋರ್ಟ್ ಇಲ್ಲದ ಸಾಫ್ಟ್‌ವೇರಿನಲ್ಲೇ ಎರಡು ದಶಕ ಲಗ್ನಪತ್ರಿಕೆ ಹೊಡೆದಿವೆ. ಪೇಜ್‌ಮೇಕರ್ ಕೈಕೊಟ್ಟಾಗ ನೀವು ಅಡೋಬಿಗೆ ಫೋನ್ ಮಾಡಿದಿರಾ? ಇಲ್ಲ ಅಲ್ವಾ? ಪಕ್ಕದ ಪ್ರೆಸ್‌ನ ಡಿಟಿಪಿ ಹುಡುಗನನ್ನು ಕರೆದಿರುತ್ತೀರಿ. ಅವನಿಗೂ ತಿಳಿಯದಿದ್ದರೆ ಸಿಪಿಯು ಹೊತ್ತುಕೊಂಡು ನನ್ನಂಥವನ ಹತ್ತಿರ ಬಂದಿರುತ್ತೀರಿ. ಗದಗವನ್ನು ಮುದ್ರಣ ಕಾಶಿ ಅನ್ನುತ್ತಾರಲ್ಲ, ಆ ಕಾಶಿಯ ಕಂಪ್ಯೂಟರ್‌ಗಳು ಬದುಕಿರುವುದು ಇಂಥ ಹುಡುಗರಿಂದ. ಹಾಗಾಗಿ ನಾನು ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ: ನಿಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಲಿನಕ್ಸ್ ಬಲ್ಲವರು ಯಾರಿದ್ದಾರೆ?

ಅದಕ್ಕೆ ಮೊದಲು ಮಷಿನ್ ವಿಷಯ. "ಆಗಲ್ಲ" ಅಂತ ತೋರಿಸಿದ ಕೂಡಲೇ ಗುಜರಿಗೆ ಹಾಕಬೇಡಿ. ಮೂರರಲ್ಲೂ ಪ್ರೊಸೆಸರ್ ಯಾವುದು ಅಂತ ನೋಡಿ. ಇಂಟೆಲ್ ಆದರೆ 8ನೇ ಜನರೇಷನ್‌ನಿಂದ ಈಚೆಗಿನದು ಬೇಕು, ಅಂದರೆ ಹೆಚ್ಚು ಕಡಿಮೆ 2017ರ ಕೊನೆಯಿಂದ ಬಂದವು. ಐ5 ಅಂತ ಬರೆದ ಮುಂದೆ 8400 ಇದ್ದರೆ ಎಂಟನೆಯದು, 7400 ಇದ್ದರೆ ಏಳನೆಯದು. ಎಂಟು ಅಥವಾ ಮೇಲಿನದಾಗಿದ್ದೂ "ಆಗಲ್ಲ" ಅಂದರೆ, ಹಲವು ಸಲ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್) ಟಿಪಿಎಂ ಅನ್ನೋ ಸುರಕ್ಷತೆಯ ವ್ಯವಸ್ಥೆ ಆಫ್ ಇರುತ್ತದೆ, ಅಷ್ಟೇ. ಇಂಟೆಲ್ ಬೋರ್ಡ್‌ಗಳಲ್ಲಿ ಅದು ಪಿಟಿಟಿ ಅನ್ನೋ ಹೆಸರಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಇರುತ್ತದೆ. ಆನ್ ಮಾಡಿ, ಅಲ್ಲೇ ಸೆಕ್ಯೂರ್ ಬೂಟ್ ಅನ್ನೋ ಸೆಟ್ಟಿಂಗ್ ಕೂಡ ನೋಡಿಕೊಂಡು ಮತ್ತೊಮ್ಮೆ ಪರೀಕ್ಷಿಸಿ. ಒಂದು ರೂಪಾಯಿ ಖರ್ಚಿಲ್ಲದೆ ಕೆಲಸ ಮುಗಿದರೂ ಮುಗಿಯಬಹುದು.

ಅದಕ್ಕಿಂತ ಹಳೆಯದಾದರೆ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅದು ಮುಗಿದ ಕಥೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಸುರಕ್ಷತೆಯ ಅಪ್‌ಡೇಟ್‌ಗಳು ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಅಂತ ಮೈಕ್ರೋಸಾಫ್ಟ್ ಗಡುವು ಹಾಕಿತು. ಪೆನ್‌ಡ್ರೈವ್‌ನಲ್ಲಿ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರೂ ಇದ್ದಾರೆ. ಓಡುತ್ತದೆ. ಆದರೆ ಮುಂದಿನ ದೊಡ್ಡ ಅಪ್‌ಡೇಟ್ ಬರುತ್ತದೋ ಇಲ್ಲವೋ ಯಾರೂ ಗ್ಯಾರಂಟಿ ಕೊಡಲ್ಲ. ಜಿಎಸ್‌ಟಿ, ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿಗೆ ನಾನಂತೂ ಹಾಗೆ ಹಾಕಿಕೊಡುವುದಿಲ್ಲ.

ಸ್ಪೀಡ್ ಇಲ್ಲ ಅನ್ನೋ ಕಾರಣಕ್ಕೆ ಹೊಸದು ತಗೊಳ್ಳೋ ಯೋಚನೆ ಇದ್ದರೆ, ಮೊದಲು ಕ್ಯಾಬಿನೆಟ್ ತೆರೆಯಿಸಿ. ಪ್ರೆಸ್‌ನಿಂದ ಬರುವ ಸಿಪಿಯು ನನಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಫ್ಯಾನ್ ಕಿರುಗುಟ್ಟುತ್ತಿರುತ್ತದೆ. ಸ್ಕ್ರೂ ಬಿಚ್ಚಿದರೆ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಾಗದದ ಧೂಳು, ಜೊತೆಗೆ ಹಸಿ ಶಾಯಿ ಅಂಟದಿರಲಿ ಅಂತ ಮಷಿನ್ ಮೇಲೆ ಉದುರಿಸುವ ಪೌಡರ್, ಎರಡೂ ಸೇರಿ ಮೆತ್ತೆಯಾಗಿ ಕೂತಿರುತ್ತವೆ. ಬ್ಲೋವರ್ ಹಿಡಿದರೆ ಅಂಗಡಿ ತುಂಬ ಬಿಳಿ ಹೊಗೆ. ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತಿರುತ್ತದೆ. ಹಣೆಬರಹಕ್ಕೆ ಬೈಸಿಕೊಳ್ಳೋದು ವಿಂಡೋಸ್! ಸ್ವಚ್ಛ ಮಾಡಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಹಳೆ ಹಾರ್ಡ್‌ಡಿಸ್ಕ್ ತೆಗೆದು ಒಂದು ಸಾಟಾ ಎಸ್‌ಎಸ್‌ಡಿ ಹಾಕಿದರೆ ನಾಲ್ಕನೇ ಜನರೇಷನ್‌ನ ಮಷಿನ್ ಕೂಡ ದಿನದ ಕೆಲಸಕ್ಕೆ ಸಾಕು.

ರ‍್ಯಾಮ್ ಹೆಚ್ಚಿಸುವ ಮುಂಚೆ ಮಾತ್ರ ರೇಟ್ ಕೇಳಿ. 2025ರ ಕೊನೆಯಲ್ಲಿ ಅದು ಏರಿದ ಪರಿ ನೋಡಿ ನಾವೇ ದಂಗಾದೆವು. ಎಐ ಸರ್ವರ್‌ಗಳಿಗೆ ಮೆಮೊರಿ ಹೋಗುತ್ತಿದೆ, ನಮ್ಮ ಪಾಲಿಗೆ ಉಳಿದದ್ದು ದುಬಾರಿ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವುದು ಈ ಮೂವರೇ. ಅವರು ಬೇರೆ ಕಡೆ ತಿರುಗಿದರೆ ಗದಗದ ಪ್ರೆಸ್‌ಗೂ ಬಿಸಿ ತಟ್ಟುತ್ತದೆ. ಪ್ರೊಸೆಸರ್‌ನಲ್ಲಿ ಇದರ ಉಲ್ಟಾ ನೋಡಿದ್ದೇವೆ. ಮಾಮೂಲಿ ಡೆಸ್ಕ್‌ಟಾಪ್‌ಗೆ ಇಂಟೆಲ್ ಹತ್ತು ವರ್ಷದ ಹತ್ತಿರ ನಾಲ್ಕು ಕೋರ್‌ಗಿಂತ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಭಾಗ) ಮೇಲೆ ಹೋಗಲಿಲ್ಲ. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ನ ರೈಜನ್ ತಂದಿತು. ಅದೇ ವರ್ಷ ಅಕ್ಟೋಬರ್‌ಗೆ ಇಂಟೆಲ್‌ನ ಆರು ಕೋರ್ ಅಂಗಡಿಯಲ್ಲಿತ್ತು! ಎದುರಾಳಿ ಬಂದ ಮೇಲೆ ಆಗುವ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ. ನೀವು ಎಎಂಡಿ ಕೊಳ್ಳದಿದ್ದರೂ ಅದರ ಲಾಭ ನಿಮಗೆ ಸಿಕ್ಕಿದೆ.

ಸಾಫ್ಟ್‌ವೇರಿನಲ್ಲೂ ಹೀಗೇ ಆಗಬೇಕಿತ್ತು. ನಿಮ್ಮ ಕೋರೆಲ್‌ನ ಕಥೆ ಗೊತ್ತಾ? 1999ರಲ್ಲಿ ಕೋರೆಲ್ ತನ್ನದೇ ಲಿನಕ್ಸ್ ಹೊರತಂದಿತ್ತು. 2000ದಲ್ಲಿ ಕೋರೆಲ್‌ಡ್ರಾ 9 ಲಿನಕ್ಸ್‌ಗೂ ಬಂದಿತ್ತು. ಆಗ ಕಂಪನಿ ದುಡ್ಡಿನ ಮುಗ್ಗಟ್ಟಿನಲ್ಲಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಅದರಲ್ಲಿ 13.5 ಕೋಟಿ ಡಾಲರ್ ಹಾಕಿತು. ಮರುವರ್ಷ ಕೋರೆಲ್ ಲಿನಕ್ಸ್ ವ್ಯವಹಾರ ಮಾರಿ ಕೈ ತೊಳೆದುಕೊಂಡಿತು. ಆ ದಾರಿ ಅಲ್ಲಿಗೇ ಮುಚ್ಚದಿದ್ದರೆ ಇವತ್ತು ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲವೇನೋ.

ಈಗ ನಿಮ್ಮ ನಿಜವಾದ ಗಂಟು. ಅದು ವಿಂಡೋಸ್ ಅಲ್ಲ, ಹಳೆ ಫೈಲ್‌ಗಳು. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಪೇಜ್‌ಮೇಕರ್‌ಗೆ ತಿಳಿಯುವುದಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ನುಡಿಯ ಹಳೆ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ "ಶ್ರೀ ವೀರನಾರಾಯಣ ಪ್ರಸನ್ನ" ಅಂತ ಇರಬೇಕಾದ ಕಡೆ ತಲೆ ಮೇಲೆ ಚುಕ್ಕಿ, ಗೆರೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ನಿಂತಿರುತ್ತದೆ. ಕಂಪ್ಯೂಟರ್ ಪಾಲಿಗೆ ಅದು ಯಾವತ್ತೂ ಕನ್ನಡವಾಗಿರಲೇ ಇಲ್ಲ. ಬರೀ ಆಕಾರ. ಹಳೆ ಗಿರಾಕಿ ಬಂದು "ಹ್ವಾದ ವರ್ಷದ ಜಾತ್ರಿ ಪಾಂಪ್ಲೆಟ್ ಐತಲ್ರೀ, ತಾರೀಖ್ ಅಷ್ಟ ಬದಲ್ ಮಾಡಿ ಹೊಡೀರಿ" ಅಂದಾಗ ನಿಮಗೆ ಆ ಫೈಲ್ ಬೇಕೇ ಬೇಕು. ಇದಕ್ಕೆ ಹೊಸ ಕಂಪ್ಯೂಟರ್ ಕೊಂಡರೂ ಪರಿಹಾರವಿಲ್ಲ.

ಮಜಾ ಏನಂದ್ರೆ, ಈ ಗಂಟು ಬಿಚ್ಚಲು ಕೂತವರು ಓಪನ್ ಸೋರ್ಸ್‌ನವರು, ಅಂದರೆ ಲಿನಕ್ಸ್‌ನವರ ಹಾಗೆ ಕೋಡನ್ನು ಎಲ್ಲರಿಗೂ ಕಾಣುವಂತೆ ಬಯಲಲ್ಲಿಟ್ಟು ಸಾಫ್ಟ್‌ವೇರ್ ಬರೆಯುವವರು. ಪೇಜ್‌ಮೇಕರ್ ಫೈಲ್‌ಗಳನ್ನು ಓದಲು ಲಿಬ್‌ಪೇಜ್‌ಮೇಕರ್ ಅಂತ ಬರೆದು ಪುಕ್ಕಟೆ ಆಫೀಸ್ ಸಾಫ್ಟ್‌ವೇರ್ ಲಿಬ್ರೆಆಫೀಸ್‌ಗೆ ಸೇರಿಸಿದ್ದಾರೆ. ಕೋರೆಲ್ ಫೈಲ್‌ಗೆ ಲಿಬ್‌ಸಿಡಿಆರ್ ಇದೆ, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ ಕೂಡ ಅದನ್ನು ಬಳಸುತ್ತದೆ. ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಕನ್ನಡದ ಕನ್ವರ್ಟರ್‌ಗಳೂ ಪುಕ್ಕಟೆ ಸಿಗುತ್ತವೆ. ಆದರೆ ಪುಟ ಇದ್ದ ಹಾಗೇ ಬರುತ್ತದೆ ಅಂತ ನಂಬಬೇಡಿ. ಸಾಲು ಜರುಗುತ್ತದೆ, ಬಾರ್ಡರ್ ಕಳಚುತ್ತದೆ, ಒತ್ತಕ್ಷರ ಕೆಲವು ಕಡೆ ಎಡವುತ್ತದೆ. ಮಾತು ಉಳಿಯುತ್ತದೆ, ಅಲಂಕಾರ ಮತ್ತೆ ಮಾಡಬೇಕು.

ಹೊಸ ಕೆಲಸಕ್ಕೆ ಸ್ಕ್ರೈಬಸ್ ಅನ್ನೋ ಪುಕ್ಕಟೆ ಪುಟವಿನ್ಯಾಸ ಸಾಫ್ಟ್‌ವೇರ್ ನೋಡಬಹುದು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡುತ್ತವೆ. ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದ ಸಿಎಂವೈಕೆ ಪಿಡಿಎಫ್ ಕೊಡುತ್ತದೆ, ಪ್ಲೇಟ್ ಹಾಕುವವರಿಗೆ ಬೇಕಾದದ್ದು ಅದೇ. ಟೈಪಿಂಗ್‌ಗೆ ಹೆದರಬೇಡಿ. ನುಡಿಯಲ್ಲಿ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಅದು ಕಗಪ ಅನ್ನೋ ಹೆಸರಲ್ಲಿ ಇದೆ. ಆದರೂ ಸೀಸನ್‌ನಲ್ಲಿ ನಾಳೆ ಬೆಳಗ್ಗೆ ಐನೂರು ಲಗ್ನಪತ್ರಿಕೆ ಕೊಡಬೇಕಾದ ಆಪರೇಟರ್‌ಗೆ ಹೊಸ ಸಾಫ್ಟ್‌ವೇರ್ ಕಲಿ ಅಂತ ಹೇಳೋದು ಸರಿಯಲ್ಲ. ಲಗ್ನದ ಸೀಸನ್ ಮುಗಿಯಲಿ.

ಪ್ರಿಂಟರ್ ನೋಡದೆ ಲಿನಕ್ಸ್ ಹಾಕಿಸಲೇಬೇಡಿ. ನೀವೂ ಟ್ರೇಸಿಂಗ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ತೆಗೆದು ಪ್ಲೇಟ್ ಮಾಡುವವರಾದರೆ ಇದು ಹೊಟ್ಟೆಪಾಡಿನ ಪ್ರಶ್ನೆ. ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಪ್ರಿಂಟರ್ ಭಾಷೆ ತಿಳಿದ ಪ್ರಿಂಟರ್ ಆದರೆ ಚಿಂತೆಯಿಲ್ಲ. ಎಚ್‌ಪಿ ಲೇಸರ್‌ಜೆಟ್ 1020 ಆದರೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಎಚ್‌ಪಿಲಿಪ್ ಜೊತೆಗೆ ಕಂಪನಿಯ ಒಂದು ಪ್ಲಗಿನ್ ಬೇಕು, ಅದಿಲ್ಲದೆ ಪ್ರಿಂಟರ್ ಅಲುಗಾಡುವುದಿಲ್ಲ. ಎಲ್ಲ ಆಫೀಸಿನಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತಾಡುವುದು ಕ್ಯಾಪ್ಟ್ ಅನ್ನೋ ತನ್ನದೇ ಭಾಷೆ. ಲಿನಕ್ಸ್‌ಗೆ ಡ್ರೈವರ್ ಇದೆ, ಆದರೆ ಹೊಸ 64 ಬಿಟ್ ಸಿಸ್ಟಂನಲ್ಲಿ ಕೂಡಿಸಲು ತಾಳ್ಮೆ ಬೇಕು. ಲಿನಕ್ಸ್‌ನಲ್ಲಿ ಹಲವು ಬಗೆ, ಅದರಲ್ಲಿ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಹಾಗೆ ಬೂಟ್ ಮಾಡಿ, ನಿಮ್ಮ ಪ್ರಿಂಟರ್ ಹಚ್ಚಿ, ಒಂದು ಪುಟ ತೆಗೆಯಿರಿ. ಪುಟ ಬರದಿದ್ದರೆ ಆ ಮಷಿನ್‌ಗೆ ಲಿನಕ್ಸ್ ಬೇಡ.

ಇನ್ನು ಬಲ್ಲವರು ಯಾರು ಅನ್ನೋ ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಬಿವಿಬಿ, ಎಸ್‌ಡಿಎಂ, ಐಐಐಟಿ, ಐಐಟಿ ಅಂತ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿನ ಹುಡುಗರಿಗೆ ಲಿನಕ್ಸ್ ನೀರು ಕುಡಿದಷ್ಟು ಸುಲಭ. ಆದರೆ ಅವರಿಗೆ ಸರ್ವರ್ ಗೊತ್ತು, ಪ್ರಿಂಟರ್ ಗೊತ್ತಿಲ್ಲ. ನಮ್ಮ ಅಂಗಡಿಯವರಿಗೆ ಪ್ರಿಂಟರ್ ಗೊತ್ತು, ಲಿನಕ್ಸ್ ಅಂದರೆ ಮಾರು ದೂರ. ಅದಕ್ಕೆ ಕಾರಣವೂ ಇದೆ. ವೈರಸ್ ಬಂದು ಫಾರ್ಮ್ಯಾಟ್ ಹೊಡೆಯುವುದರಲ್ಲೇ ಅಂಗಡಿಯ ಬಾಡಿಗೆ ಹುಟ್ಟುತ್ತದೆ! ನೀವು ಮೊದಲೇ ಕೇಳಿ: ಹಾಕಿಕೊಟ್ಟ ಮೇಲೆ ಪ್ರಿಂಟರ್ ನಿಂತರೆ ಬರ್ತೀರಾ, ಎಷ್ಟು ತಗೋತೀರಾ? ಉತ್ತರ ತೊದಲಿದರೆ ಬೇರೆಯವರನ್ನು ನೋಡಿ. ಪುಕ್ಕಟೆ ಸಾಫ್ಟ್‌ವೇರ್ ಅಂತ ಕೆಲಸವನ್ನೂ ಪುಕ್ಕಟೆ ಕೇಳಬೇಡಿ ಮತ್ತೆ. ರೆಡ್ ಹ್ಯಾಟ್ ಅನ್ನೋ ಕಂಪನಿ ಬೆಳೆದದ್ದೇ ಲಿನಕ್ಸ್‌ಗೆ ಸಪೋರ್ಟ್ ಮಾರಿ. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರ್‌ಗೆ ಕೊಂಡಿತು.

ಓಪನ್ ಸೋರ್ಸ್‌ನಲ್ಲಿ ಎಲ್ಲ ಚೆನ್ನ ಅಂತಲೂ ಅಲ್ಲ. 2024ರಲ್ಲಿ ಲಿನಕ್ಸ್‌ನಲ್ಲಿ ಬಳಸುವ ಎಕ್ಸ್‌ಝಡ್ ಅನ್ನೋ ಸಣ್ಣ ಕೋಡ್ ಲೈಬ್ರರಿಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅವರೂ ದಣಿದಿದ್ದರು. ಸಹಾಯಕ್ಕೆ ಅಂತ ಬಂದವನೇ ಕನ್ನ ಕೊರೆದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟ್‌ನ ನೌಕರ! ಕೋಡ್ ಬಯಲಲ್ಲಿ ಇದ್ದದ್ದಕ್ಕೇ ಅವರಿಗೆ ಬುಡದವರೆಗೆ ಹೋಗಲು ಸಾಧ್ಯವಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರನ್ನೂ ಒಂದೇ ಸಲ ಬದಲಿಸುತ್ತಿರಲಿಲ್ಲ. ಕೌಂಟರಿನ ಕಂಪ್ಯೂಟರಿಗೆ ಮಿಂಟ್. ಗಿರಾಕಿಗಳ ಪೆನ್‌ಡ್ರೈವ್, ವಾಟ್ಸಾಪ್ ವೆಬ್, ಮೇಲ್ ಎಲ್ಲ ಅಲ್ಲಿಗೇ. ಪ್ರೆಸ್‌ಗೆ ವೈರಸ್ ಬರುವುದೇ ಈ ಪೆನ್‌ಡ್ರೈವ್‌ಗಳಿಂದ, ವಿಂಡೋಸ್‌ನ ಶಾರ್ಟ್‌ಕಟ್ ವೈರಸ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಬೇಕಾದ ಫೋಟೋ, ಮ್ಯಾಟರ್ ಅಷ್ಟೇ ಒಳಗೆ ಹೋಗಲಿ. ಡಿಟಿಪಿಯ ಒಂದು ಮಷಿನ್ ವಿಂಡೋಸ್ 10ರಲ್ಲೇ ಇರಲಿ, ಪೇಜ್‌ಮೇಕರ್, ಕೋರೆಲ್, ನುಡಿ ಸಮೇತ. ಅದರ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ. ಮೂರನೆಯದು ಎಂಟನೇ ಜನರೇಷನ್ ಆಗಿದ್ದರೆ ವಿಂಡೋಸ್ 11, ಜಿಎಸ್‌ಟಿ ಮತ್ತು ಟ್ಯಾಲಿಗೆ. ಆಗಿರದಿದ್ದರೆ ದುಡ್ಡು ಹಾಕುವ ಒಂದೇ ಜಾಗ ಅದು.

ಯಾವುದಕ್ಕೂ ಮೊದಲು ಒಂದು ಕೆಲಸ. ಹಳೆ ಫೈಲ್‌ಗಳ ಜೊತೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ಎರಡು ಕಡೆ ಕಾಪಿ ಮಾಡಿಡಿ. ಫೈಲ್ ತಂದು ಫಾಂಟ್ ಬಿಟ್ಟು ಬರುವವರೇ ಜಾಸ್ತಿ. ಮೂರೂ ಪ್ರೊಸೆಸರ್‌ಗಳ ನಂಬರ್ ಮತ್ತು ಪ್ರಿಂಟರಿನ ಮಾಡೆಲ್ ಬರೆದು ತಿಳಿಸಿ, ಯಾವುದಕ್ಕೆ ಏನು ಅಂತ ಹೇಳುತ್ತೇನೆ.