ಬೆಂಚಿನ ಮುಂದೆ ಕೂರುವ ಮೊದಲು

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಟೆಕ್ಸಾಸ್‌ಗೆ ಬಂದು ಎಂಟು ತಿಂಗಳಾಯಿತು, ಆಫೀಸಿನ ಗೆಳೆಯ ಗುಂಡು ಹೊಡೆಯುವ ರೇಂಜಿಗೆ ಕರೆದುಕೊಂಡು ಹೋದ, ಪಿಸ್ತೂಲು ಹೊಡೆದೆ, ಖುಷಿಯಾಯಿತು. ಅವನು ಹೊಡೆದ ಖಾಲಿ ಕೇಸ್‌ಗಳಿಗೆ ಮತ್ತೆ ಮದ್ದು, ಗುಂಡು ಹಾಕಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾನಂತೆ, ಅರ್ಧ ದುಡ್ಡು ಉಳಿಯುತ್ತದಂತೆ. ನಾನೂ ಶುರು ಮಾಡಬೇಕು, ಏನೇನು ಬೇಕು, ಅಪಾರ್ಟ್‌ಮೆಂಟಿನಲ್ಲಿ ಮಾಡಬಹುದಾ ಅಂತ ಕೇಳಿದ್ದೀಯ.

ನೀನು ಹೇಳದೆ ಬಿಟ್ಟ ಒಂದು ವಿಷಯದಿಂದ ಶುರು ಮಾಡುತ್ತೇನೆ. ಯಾವ ವೀಸಾದಲ್ಲಿ ಇದ್ದೀಯ? ಎಚ್-1ಬಿ, ಅಂದರೆ ಕೆಲಸದ ವೀಸಾ ಆಗಿದ್ದರೆ ಅಲ್ಲೇ ನಿಲ್ಲು. 1998ರಿಂದ ಇಲ್ಲಿನ ಫೆಡರಲ್ ಕಾನೂನು ಹಾಗಿದೆ: ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದಲ್ಲಿ ಬಂದವರು ಬಂದೂಕು ಇರಲಿ, ಮದ್ದುಗುಂಡು ಕೂಡ ಇಟ್ಟುಕೊಳ್ಳುವಂತಿಲ್ಲ. ರಾಜ್ಯ ಕೊಡುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಇನ್ನೂ ಒಂದೆರಡು ವಿನಾಯಿತಿಗಳಿವೆ. ಮದ್ದುಗುಂಡು ಅಂದರೆ ಪೂರ್ತಿ ತೋಟಾ ಅಂತ ಅಂದುಕೊಳ್ಳಬೇಡ. ಆ ಕಾನೂನಿನ ಲೆಕ್ಕದಲ್ಲಿ ಖಾಲಿ ಕೇಸ್ (ತೋಟಾದ ಲೋಹದ ಕೊಳವೆ), ಪ್ರೈಮರ್ (ಅದರ ತಳದಲ್ಲಿ ಕೂತು ಕಿಡಿ ಹೊತ್ತಿಸುವ ಕೇಪು), ಮಸಿ (ಕೋವಿಮದ್ದಿನ ಪುಡಿ), ಬುಲೆಟ್ (ತುದಿಯ ಗುಂಡು) ಬಿಡಿಬಿಡಿಯಾಗಿದ್ದರೂ ಮದ್ದುಗುಂಡೇ. ರೇಂಜಿಗೆ ಮತ್ತೆ ಹೋಗುವ ಮೊದಲು ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳು. ಗೆಳೆಯನಿಗೆ ಇದು ಗೊತ್ತಿರುವುದಿಲ್ಲ. ಅವನು ಇಲ್ಲೇ ಹುಟ್ಟಿದವನು, ಅವನಿಗೆ ಈ ಪ್ರಶ್ನೆಯೇ ಬಂದಿಲ್ಲ.

ನಾನು 2003ರಲ್ಲಿ ಬಂದೆ. ಮೊದಲ ತಿಂಗಳಲ್ಲೇ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ, ಚಳಿಗೆ ಜಾಕೆಟ್ ಕೊಳ್ಳೋಕೆ. ಜಾಕೆಟ್‌ಗಳ ಸಾಲಿನ ಕೊನೆಯಲ್ಲಿ ಮಸಿ ಡಬ್ಬಿಗಳು ಹಾಲಿನ ಪುಡಿ ಡಬ್ಬಿಗಳ ಹಾಗೆ ಜೋಡಿಸಿಟ್ಟಿದ್ದವು. ನಮ್ಮ ಕಡೆ ಗೊತ್ತಲ್ಲ, ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಹೋಗಿ, ಬರೆಸಿ, ಎಣಿಸಿ ತರಬೇಕು. ಅಜ್ಜ ಕೇಪಿನ ಕೋವಿಗೆ ಮಸಿ ಹಾಕುವುದನ್ನು ನೋಡಿ ಬೆಳೆದವನು ನಾನು. ಆ ಡಬ್ಬಿಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಮುಟ್ಟಲಿಲ್ಲ. ಏಳು ವರ್ಷ ಕಾದೆ. 2010ರಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ ಮೊದಲ ಡಬ್ಬಿ ಕೊಂಡೆ. ಆ ಏಳು ವರ್ಷ ನನಗೇನೂ ನಷ್ಟ ಆಗಲಿಲ್ಲ, ನಿನಗೂ ಆಗುವುದಿಲ್ಲ.

ಈಗ ದುಡ್ಡಿನ ಮಾತು. 9 ಎಂಎಂ ಅಳತೆಯ ತೋಟಾ ಮಾತ್ರ ಹೊಡೆಯುವವನಿಗೆ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ಫ್ಯಾಕ್ಟರಿ ತೋಟಾ ಅಷ್ಟು ಅಗ್ಗಕ್ಕೆ ಸಿಗುತ್ತದೆ. .45 ಎಸಿಪಿ, .38 ಸ್ಪೆಷಲ್, .44 ಮ್ಯಾಗ್ನಮ್ ಅಂಥ ಬೇರೆ ಅಳತೆಯ ತೋಟಾ ಆದರೆ ಉಳಿಯುತ್ತದೆ, ಅದೂ ನೀನು ಮೊದಲಿಗಿಂತ ಜಾಸ್ತಿ ಹೊಡೆಯದಿದ್ದರೆ. ಯಾರೂ ಹಾಗೆ ಇರುವುದಿಲ್ಲ. ಮಸಿ, ಪ್ರೈಮರ್ ಆನ್‌ಲೈನ್‌ನಲ್ಲಿ ತರಿಸಿದರೆ ಮೇಲೆ ಹ್ಯಾಜ್‌ಮ್ಯಾಟ್ (ಅಪಾಯಕಾರಿ ಸರಕಿನ) ಶುಲ್ಕ ಬೀಳುತ್ತದೆ. 2020ರಲ್ಲಿ ಪ್ರೈಮರ್‌ಗಳು ಅಂಗಡಿಗಳಿಂದ ಮಾಯವಾದವು, ಬೆಂಚ್ ಇದ್ದವರೂ ಸುಮ್ನೆ ಕೂತಿದ್ದೆವು.

ಬೇಕಾಗುವ ಸಾಮಾನು: ಒಂದು ಸಿಂಗಲ್-ಸ್ಟೇಜ್ ಪ್ರೆಸ್ (ಒಂದು ಸಲ ಎಳೆದರೆ ಒಂದೇ ಕೆಲಸ ಮಾಡುವ ಒತ್ತುಯಂತ್ರ), ಅದಕ್ಕೆ ಹಾಕುವ ಕಾರ್ಬೈಡ್ ಡೈಗಳ (ಗಟ್ಟಿ ಲೋಹದ ಅಚ್ಚುಗಳ) ಸೆಟ್, ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್, ಕೇಸ್‌ಗಳನ್ನು ನಿಲ್ಲಿಸುವ 50 ತೂತಿನ ಹಲಗೆ. ಇವೆಲ್ಲಕ್ಕಿಂತ ಮೊದಲು ಮ್ಯಾನುಯಲ್, ಅಂದರೆ ಯಾವ ತೋಟಾಗೆ ಎಷ್ಟು ಮಸಿ ಅಂತ ಹೇಳುವ ಪುಸ್ತಕ. ಲೈಮನ್, ಹಾರ್ನಡಿ, ಸ್ಪೀರ್ ಯಾವುದಾದರೂ ಸರಿ, ಎರಡು ಇದ್ದರೆ ಇನ್ನೂ ಒಳ್ಳೆಯದು. ಪ್ರೋಗ್ರೆಸಿವ್ ಪ್ರೆಸ್ ಗಂಟೆಗೆ ನೂರಾರು ತೋಟಾ ಕೊಡುತ್ತದೆ, ಆದರೆ ಮೊದಲ ವರ್ಷ ಅದು ಬೇಡ. ಹ್ಯಾಂಡಲ್ ಒಂದು ಸಲ ಎಳೆದಾಗ ನಾಲ್ಕು ಕೆಲಸ ಒಟ್ಟಿಗೆ ಆಗುತ್ತವೆ, ಹೊಸಬನ ಕಣ್ಣು ಅಷ್ಟನ್ನೂ ಹಿಡಿಯುವುದಿಲ್ಲ.

ಕೆಲಸ ಕಷ್ಟದ್ದಲ್ಲ. ಕೇಸ್ ತೊಳೆದು, ಬಿರುಕು ಇದೆಯಾ ನೋಡಿ, ಡೈಗೆ ಒತ್ತಿ ಅಳತೆಗೆ ತರುವುದು, ಹಳೆ ಪ್ರೈಮರ್ ಆಗಲೇ ಬೀಳುತ್ತದೆ. ಕೇಸಿನ ಬಾಯಿ ಚೂರು ಅಗಲ ಮಾಡಿ, ಹೊಸ ಪ್ರೈಮರ್ ಕೂರಿಸಿ, ಮಸಿ ಹಾಕಿ, ಬುಲೆಟ್ ಕೂರಿಸಿ, ಕ್ರಿಂಪ್ ಮಾಡುವುದು, ಅಂದರೆ ಬಾಯಿಯನ್ನು ಬುಲೆಟ್‌ಗೆ ಒತ್ತಿ ಬಿಗಿ ಮಾಡುವುದು. ಆಟೋಮ್ಯಾಟಿಕ್ ಪಿಸ್ತೂಲಿಗೆ ಟೇಪರ್ ಕ್ರಿಂಪ್ (ಬಾಯಿಯನ್ನು ಒಳಕ್ಕೆ ಮಡಚದೆ ಮೆಲ್ಲಗೆ ಒತ್ತುವುದು) ಬೇಕು, ಯಾಕೆಂದರೆ ತೋಟಾ ಚೇಂಬರಿನೊಳಗೆ, ಅಂದರೆ ಬ್ಯಾರೆಲ್ಲಿನ ಹಿಂದಿನ ಗೂಡಿನಲ್ಲಿ, ಕೇಸಿನ ಬಾಯಿಯ ಮೇಲೆ ನಿಲ್ಲುತ್ತದೆ. ಬುಲೆಟ್ ಎಷ್ಟು ಆಳಕ್ಕೆ ಕೂತಿದೆ ಅನ್ನುವುದೂ ಸಣ್ಣ ವಿಷಯವಲ್ಲ. 9 ಎಂಎಂ ಕೇಸ್ ಪುಟ್ಟದು, ಗರಿಷ್ಠ ಒತ್ತಡ 35,000 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡ್). ಬುಲೆಟ್ ಸ್ವಲ್ಪ ಜಾಸ್ತಿ ಒಳಗೆ ಹೋದರೂ ಒತ್ತಡ ಜೋರಾಗಿ ಏರುತ್ತದೆ.

ಅಜ್ಜನ ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಅದು ಕಪ್ಪು ಮಸಿ, ಇದು ಹೊಗೆಯಿಲ್ಲದ ಮಸಿ. ಮಸಿ ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡ್ ಅಂದರೆ 7000 ಗ್ರೇನ್. ಪಿಸ್ತೂಲಿನ ತೋಟಾಗೆ ಬೇಕಾಗುವುದು ಅದರಲ್ಲಿ ಕೆಲವೇ ಗ್ರೇನ್. ಮಸಿ ಕೇಸಿನ ತಳದಲ್ಲಿ ಇರುತ್ತದೆ, ಎರಡು ಸಲ ಹಾಕಿದರೂ ಎಷ್ಟೋ ಮಸಿಗಳು ತುಳುಕುವುದಿಲ್ಲ. ಅದಕ್ಕೇ ಕೇಸನ್ನು ಜಾಸ್ತಿ ತುಂಬುವ ಮಸಿ ಆರಿಸಿಕೋ, ಎರಡನೇ ಸಲ ಹಾಕಿದರೆ ಹೊರಗೆ ಚೆಲ್ಲಿ ತಾನೇ ಹೇಳುವಂಥದ್ದು. ಮ್ಯಾನುಯಲ್‌ನಲ್ಲಿ ಶುರುವಿನ ಅಳತೆ ಅಂತ ಕೊಟ್ಟಿರುತ್ತಾರೆ, ಅಲ್ಲಿಂದ ಶುರು ಮಾಡು. ಗೆಳೆಯ ಬಾಯಲ್ಲಿ ಹೇಳಿದ ಅಳತೆ, ಎಲ್ಲೋ ಓದಿದ ಅಳತೆ ಬೇಡ.

ನಮ್ಮವರಿಗೆ ಇನ್ನೊಂದು ಅಭ್ಯಾಸ ಇದೆ, ಖಾಲಿ ಡಬ್ಬಿಗೆ ಏನಾದರೂ ಸುರಿದಿಡುವುದು. ಇಲ್ಲಿ ಮಾಡಬೇಡ. ಮಸಿ ಅದರದೇ ಡಬ್ಬಿಯಲ್ಲಿ ಇರಲಿ, ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಹೆಸರಿಲ್ಲದ ಡಬ್ಬಿಯ ಮಸಿ ಯಾವುದು ಅಂತ ನೋಡಿ ಯಾರೂ ಹೇಳಲಾರರು. ಪ್ರೈಮರ್‌ಗಳನ್ನು ಬಾಟಲಿಗೆ ಸುರಿದರೆ ಅದು ಬಾಂಬೇ. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಮಸಿ ಚೆಲ್ಲಿದರೆ ವ್ಯಾಕ್ಯೂಮ್ ಹಾಕಬೇಡ, ಪೊರಕೆಯಿಂದ ಗುಡಿಸು. ಕೆಲಸ ಆದ ಮೇಲೆ ಕೈ ಚೆನ್ನಾಗಿ ತೊಳೆ, ಬೆಂಚಿನ ಹತ್ತಿರ ಏನೂ ತಿನ್ನಬೇಡ. ಪ್ರೈಮರ್ ಒಳಗಿನ ಮದ್ದಿನಲ್ಲೂ ಬುಲೆಟ್‌ನಲ್ಲೂ ಸೀಸ ಇರುತ್ತದೆ. ಮನೆಯಲ್ಲಿ ಮಗು ಇದ್ದರೆ ಈ ಮಾತು ಎರಡು ಸಲ ಓದು.

ಅಪಾರ್ಟ್‌ಮೆಂಟ್? ಲೀಸ್ ಓದು, ಇನ್ಶೂರೆನ್ಸ್ ಓದು. ಅಷ್ಟೇ.

ಈಗ ನಾನು ಹೇಳಲೇಬೇಕಾದ ಮಾತು. ನನಗೆ ಇದನ್ನು ಕಲಿಸಿದ್ದು ಪಕ್ಕದ ಮನೆಯ ಅಜ್ಜ. ಲೇತ್ ಕೆಲಸ ಮಾಡಿ ನಿವೃತ್ತರಾದವರು. ತಮ್ಮ ಹಳೆಯ ಪ್ರೆಸ್ ನನಗೆ ಸುಮ್ನೆ ಕೊಟ್ಟರು, ಮೂರು ತಿಂಗಳು ಪ್ರತಿ ಶನಿವಾರ ನನ್ನ ಗ್ಯಾರೇಜಿಗೆ ಬಂದು ಪಕ್ಕದಲ್ಲಿ ಕೂತರು. ನಾನೊಬ್ಬನೇ ತುಂಬಿದ ಮೊದಲ 200 ತೋಟಾಗಳಲ್ಲಿ 50 ಅವರಿಗೆ ಕೊಟ್ಟೆ. ಮನೆಯಲ್ಲಿ ಮಾಡಿದ್ದನ್ನು ಹಂಚದೆ ಇರುವುದು ನಮಗೆ ಬರುತ್ತದಾ? ಗುರುವಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟೆ. ಎಷ್ಟು ಹೆಮ್ಮೆ ಪಟ್ಟಿದ್ದೆ!

ಆ ತೋಟಾ ತುಂಬುತ್ತಿದ್ದ ರಾತ್ರಿ ಅಮ್ಮನ ಫೋನ್ ಬಂದಿತ್ತು. ಅಲ್ಲಿ ಬೆಳಿಗ್ಗೆ. ಅಮ್ಮನ ಫೋನ್ ಬಂದರೆ ಎತ್ತದೆ ಇರಲಾಗುತ್ತದಾ? ಹಲಗೆಯ ಮೇಲಿನ ಕೇಸ್‌ಗಳಲ್ಲಿ ಎಷ್ಟಕ್ಕೆ ಮಸಿ ಹಾಕಿದ್ದೆ ಅನ್ನುವುದು ನೆನಪಿದೆ ಅಂದುಕೊಂಡು ಎದ್ದು ಹೋದೆ. ವಾಪಸ್ ಬಂದು ಮುಂದುವರಿಸಿದೆ. ಟಾರ್ಚ್ ಹಾಕಿ ನೋಡಲಿಲ್ಲ.

ಒಂದು ಕೇಸಿಗೆ ಮಸಿ ಬಿದ್ದಿರಲಿಲ್ಲ. ಪ್ರೈಮರ್ ಒಂದೇ ಸಿಡಿದರೆ ಅದರ ಬಲಕ್ಕೆ ಬುಲೆಟ್ ಬ್ಯಾರೆಲ್ಲಿನೊಳಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಅದಕ್ಕೆ ಸ್ಕ್ವಿಬ್ ಅನ್ನುತ್ತಾರೆ. ಶಬ್ದ ಸಣ್ಣದು, ಸ್ಲೈಡ್ ಹಿಂದಕ್ಕೆ ಬರುವುದಿಲ್ಲ. ಆಗ ನಿಲ್ಲಿಸಬೇಕು, ಪಿಸ್ತೂಲು ಖಾಲಿ ಮಾಡಬೇಕು, ಬ್ಯಾರೆಲ್ಲಿಗೆ ಸರಳು ಹಾಕಿ ನೋಡಬೇಕು. ಇದನ್ನು ನನಗೆ ಹೇಳಿಕೊಟ್ಟವರೇ ಅವರು. ಆದರೆ ನಾನು ಕೊಟ್ಟ ತೋಟಾ ಹೊಡೆದ ದಿನ ರೇಂಜಿನಲ್ಲಿ ಬೇಗಬೇಗ ಹೊಡೆಯುವ ಅಭ್ಯಾಸ ಮಾಡುತ್ತಿದ್ದರು, ಕಿವಿಗೆ ಶಬ್ದ ತಡೆಯುವ ಮಫ್ ಇತ್ತು. ಸ್ಲೈಡ್ ಎಳೆದು ಮುಂದಿನದನ್ನು ಹೊಡೆದುಬಿಟ್ಟರು. ನನ್ನ ಮೇಲೆ ನಂಬಿಕೆ ಇತ್ತು ಅಂತ ಕಾಣುತ್ತದೆ.

ಅವರಿಗೆ ಏನೂ ಆಗಲಿಲ್ಲ. ಬ್ಯಾರೆಲ್ ಉಬ್ಬಿಹೋಯಿತು. ಅದು ಅವರ ಅಪ್ಪನ .45 ಪಿಸ್ತೂಲು. ಹೊಸ ಬ್ಯಾರೆಲ್ ನಾನೇ ತರಿಸಿ ಹಾಕಿಸಿದೆ. ಆದರೆ ಅವರ ಅಪ್ಪ ಹೊಡೆದ ಬ್ಯಾರೆಲ್ ಅದಲ್ಲ, ಅಲ್ವಾ? ಅವರು ಒಂದು ಕಟು ಮಾತೂ ಆಡಲಿಲ್ಲ. ಆಮೇಲೂ ಗ್ಯಾರೇಜಿಗೆ ಬಂದರು, ಕಾಫಿ ಕುಡಿದರು. ಆ ಪಿಸ್ತೂಲನ್ನು ಮಾತ್ರ ಮತ್ತೆ ರೇಂಜಿಗೆ ತರಲಿಲ್ಲ. ಈಗ ಅವರಿಲ್ಲ. ಪ್ರೆಸ್ ನನ್ನ ಬೆಂಚಿನ ಮೇಲೇ ಇದೆ.

ಅದಕ್ಕೇ ಹೇಳುತ್ತಿದ್ದೇನೆ. ನೀನು ತುಂಬಿದ್ದು ನಿನಗೆ ಮಾತ್ರ. ಬೇರೆಯವರು ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬೇಡ, ಆ ಆಫೀಸಿನ ಗೆಳೆಯ ಕೊಟ್ಟರೂ ಸರಿ. ಬೇಜಾರಾದರೆ ಆಗಲಿ. ಮಾರುವ ಯೋಚನೆಯಂತೂ ಬೇಡವೇ ಬೇಡ, ಅದಕ್ಕೆ ತಯಾರಕರ ಲೈಸೆನ್ಸ್ ಬೇಕು.

ಮರೆಯುವ ಮುಂಚೆ: ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಎತ್ತಿಕೊಳ್ಳಬೇಡ. ಮೂಲೆಯಲ್ಲಿ ಉಳಿದ ಒಂದು ತೋಟಾ ಸಿಕ್ಕರೂ ಅಲ್ಲಿನ ಏರ್‌ಪೋರ್ಟಿನಲ್ಲಿ ಆರ್ಮ್ಸ್ ಆಕ್ಟ್ ಕೇಸು. ಅಪ್ಪ ಅಮ್ಮ ಹೊರಗೆ ಕಾಯುತ್ತಿರುತ್ತಾರೆ.

ವಕೀಲರು ಏನು ಹೇಳಿದರು ಅಂತ ತಿಳಿಸು. ಅಲ್ಲಿಯವರೆಗೆ ಮ್ಯಾನುಯಲ್ ಒಂದನ್ನು ಕೊಂಡು ನಿಧಾನಕ್ಕೆ ಓದು. ಕಾರ್ಡ್ ಬಂದ ಮೇಲೆ ನನ್ನಲ್ಲಿಗೆ ಬಾ, ಮೂರು ತಿಂಗಳು ನಾನು ಪಕ್ಕದಲ್ಲಿ ಕೂರುತ್ತೇನೆ. ಫೋನ್ ಮಾಡುವುದಾದರೆ ಶನಿವಾರ ರಾತ್ರಿ ಬಿಟ್ಟು ಯಾವಾಗ ಬೇಕಾದರೂ ಮಾಡು. ಆಗ ನಾನು ಗ್ಯಾರೇಜಿನಲ್ಲಿ ಇರುತ್ತೇನೆ, ಫೋನ್ ಮನೆಯೊಳಗೆ ಇರುತ್ತದೆ. ಅಮ್ಮನಿಗೂ ಹಾಗೇ ಹೇಳಿದ್ದೇನೆ.