ಇಲಿಯ ಯಕೃತ್ತು, ಮನುಷ್ಯರ ಕಾಮಾಲೆ

ತೀರ್ಥಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ‘ನೆಲನೆಲ್ಲಿಯ ಎಲೆ ಯಕೃತ್ತನ್ನು ಕಾಪಾಡುತ್ತದೆಂದು ಸಂಶೋಧನೆಯೇ ಹೇಳಿದೆ. ನಮ್ಮ ತಂದೆಯವರ ಕಾಮಾಲೆ ವಾಸಿಯಾದದ್ದೂ ಅದರಿಂದಲೇ. ನಿಮ್ಮ ಪತ್ರಿಕೆಗೆ ಮಾತ್ರ ನಾಟಿ ಮದ್ದೆಂದರೆ ಏಕಿಷ್ಟು ತಾತ್ಸಾರ?’

ಮಾನ್ಯರೇ, ತಾತ್ಸಾರವಿಲ್ಲ. ತೋಟದ ಬದುವಿನಲ್ಲಿ ಗೇಣುದ್ದ ಬೆಳೆದು, ಎಲೆಸಾಲಿನ ಅಡಿಯಲ್ಲಿ ಪುಟ್ಟ ಕಾಯಿಗಳನ್ನು ಇಳಿಬಿಟ್ಟುಕೊಂಡಿರುವ ಆ ಗಿಡವನ್ನು ಕಳೆಯೆಂದು ಕಿತ್ತೆಸೆಯದೆ ಗುರುತಿಟ್ಟುಕೊಂಡ ಹಿರಿಯರ ಕಣ್ಣು ಸೂಕ್ಷ್ಮವಾದದ್ದೇ. ಆದರೆ ತಾವು ಲಗತ್ತಿಸಿರುವ ಪ್ರಬಂಧವನ್ನು ಪೂರ್ತಿ ಓದಿದೆ. ಅದರಲ್ಲಿ ಒಬ್ಬ ರೋಗಿಯೂ ಇಲ್ಲ, ಇರುವುದೆಲ್ಲ ಇಲಿಗಳೇ.

ಇಂಥ ಪ್ರಯೋಗಗಳಲ್ಲಿ ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಡುವುದು ರೂಢಿ. ಯಕೃತ್ತಿನ ಕಿಣ್ವ ಅದನ್ನು ಒಡೆದಾಗ ಹುಟ್ಟುವ, ಪಕ್ಕದ ಅಣುಗಳ ಮೇಲೆರಗುವ ಫ್ರೀ ರ‍್ಯಾಡಿಕಲ್‌ಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ, ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಎಲೆಯ ಸಾರವನ್ನು ಬಹಳಷ್ಟು ಸಲ ವಿಷಕ್ಕೆ ಮೊದಲೇ ಕುಡಿಸಿರುತ್ತಾರೆ. ಸೋರಿಕೆ ತಗ್ಗಿದರೆ ಎಲೆಗೆ ‘ಯಕೃತ್ ರಕ್ಷಕ’ ಎಂಬ ಬಿರುದು. ಕಾಮಾಲೆ ಬರುವ ವಾರದ ಮುಂಚೆಯೇ ಕಷಾಯ ಕುಡಿದು ಕಾಯುವವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲದೆ ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ‘ಎ’ ಮತ್ತು ‘ಇ’ ವೈರಸ್‌ಗಳ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಂದೆಯವರು ಗುಣವಾದದ್ದು ಸಂತೋಷ, ಆದರೆ ಆ ಕೀರ್ತಿ ಯಾರಿಗೆ ಸಲ್ಲಬೇಕೆಂದು ತಾವೂ ನಾನೂ ಹೇಳಲಾರೆವು.

ಮನುಷ್ಯರ ಮೇಲಿನ ಪರೀಕ್ಷೆ ನಡೆದೇ ಇಲ್ಲವೆಂದಲ್ಲ. ಮದ್ರಾಸಿನ ಸಂಶೋಧಕರು 1988ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಂತೆ, ನೆಲನೆಲ್ಲಿಯ ಪುಡಿಯನ್ನು 30 ದಿನ ಸೇವಿಸಿದ 37 ಹೆಪಟೈಟಿಸ್ ‘ಬಿ’ ವಾಹಕರಲ್ಲಿ (ಅಂದರೆ ಆ ವೈರಸ್ಸನ್ನು ಮೈಯಲ್ಲಿ ಹೊತ್ತವರಲ್ಲಿ) 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಲೋಕವೇ ಕಿವಿ ನಿಮಿರಿಸಿತು. ಆಮೇಲೆ ಬೇರೆಡೆ ನಡೆದ ಹಲವು ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ನಮ್ಮವರಿಗೆ ನೆನಪಿರುವುದು ಮೊದಲ ಸುದ್ದಿಯಷ್ಟೇ.

ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವವರ ಪಾಡು ಇನ್ನೂ ಗೊಂದಲದ್ದು. ನೆಲನೆಲ್ಲಿಯೆಂದು ಮಾರುವ ಸರಕಿನಲ್ಲಿ ಅದರ ದಾಯಾದಿ ಗಿಡಗಳೂ ಬೆರೆತಿರುವುದನ್ನು ಬೆಂಗಳೂರಿನ ಸಂಶೋಧಕರು 2010ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದ್ದಾರೆ. ‘ಎಲೆಯಲ್ಲವೇ, ಏನಾದೀತು’ ಎನ್ನುವವರಿಗೆ ಇನ್ನೊಂದು ಮಾತು: ಆ್ಯಂಟಿಆಕ್ಸಿಡೆಂಟ್ ಎಂದು ಹೊಗಳಿಸಿಕೊಂಡ ಗ್ರೀನ್ ಟೀ ಎಲೆಯ ಸಾರವೇ ಸಾಂದ್ರಗೊಳಿಸಿದ ಮಾತ್ರೆಯ ರೂಪದಲ್ಲಿ ಕೆಲವರ ಯಕೃತ್ತಿಗೆ ಪೆಟ್ಟು ಕೊಟ್ಟಿದೆ. ಒಂದೆಲಗದ ತಂಬುಳಿ ಉಣ್ಣಿ, ಬೇಡವೆನ್ನುವುದಿಲ್ಲ. ತಂಬುಳಿ ಬೇರೆ, ತಿಂಗಳಾನುಗಟ್ಟಲೆ ನುಂಗುವ ಮಾತ್ರೆ ಬೇರೆ.

ನನ್ನ ಸಿಟ್ಟು ಗಿಡದ ಮೇಲಲ್ಲ. ಬಡ್ತಿಗೆ ಪ್ರಬಂಧಗಳ ಎಣಿಕೆ ಬೇಕೆಂದು ಊರಿಗೊಂದು ಎಲೆ ಹಿಡಿದು ಅದೇ ವಿಷ, ಅದೇ ಇಲಿ, ಅದೇ ಕೋಷ್ಟಕ ಬರೆಯುವ ವ್ಯವಸ್ಥೆಯ ಮೇಲೆ, ಅದನ್ನೇ ‘ಕಾಮಾಲೆಗೆ ರಾಮಬಾಣ’ ಎಂದು ಅಚ್ಚು ಹಾಕುವ ನಮ್ಮ ವೃತ್ತಿಬಾಂಧವರ ಮೇಲೆ. ಬದುವಿನಲ್ಲಿ ಪುಕ್ಕಟೆ ಸಿಗುವ ಗಿಡವನ್ನು ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಲು ಯಾವ ಕಂಪನಿ ಹಣ ಹಾಕೀತು? ಹಾಕಬೇಕಾದದ್ದು ಸರ್ಕಾರ. ತಮ್ಮ ಮುಂದಿನ ಪತ್ರವನ್ನು ಆರೋಗ್ಯ ಸಚಿವರಿಗೆ ಬರೆಯಿರಿ. ಪ್ರತಿಯೊಂದನ್ನು ನಮಗೆ ಕಳಿಸಿದರೆ ಒಂದಕ್ಷರವೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

— ಸಂಪಾದಕ