ಗೊತ್ತಿದ್ದೂ ಕೈ ಹಾಕದೆ ಕೂರುವ ಕೆಲಸ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದ ಪೌರತ್ವ ಸಿಕ್ಕಿದೆ, ಇಲ್ಲಿನ ರಕ್ಷಣಾ ಇಲಾಖೆಯಲ್ಲಿ ಲಾಜಿಸ್ಟಿಕ್ಸ್, ಅಂದರೆ ಸಾಮಾನು ಸರಬರಾಜಿನ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ. ಮುಂದೆ ಮೋಡಾ, ಅಂದರೆ ಮಿನಿಸ್ಟ್ರಿ ಆಫ್ ಡಿಫೆನ್ಸ್ ಅಡ್ವೈಸರ್ಸ್ ಯೋಜನೆಯಲ್ಲಿ ಬೇರೆ ದೇಶದ ರಕ್ಷಣಾ ಸಚಿವಾಲಯಕ್ಕೆ ಸಲಹೆಗಾರರಾಗಿ ಹೋಗುವ ಆಸೆ ನಿಮಗೆ. ತರಬೇತಿ ಹೇಗಿರುತ್ತೆ, ಅಲ್ಲಿ ಬದುಕು ಹೇಗೆ, ನಮ್ಮಂಥ ಮುಖ, ನಮ್ಮಂಥ ಉಚ್ಚಾರ ಇರುವವರನ್ನು ಅಲ್ಲಿನವರು ಅಮೆರಿಕದವರು ಅಂತ ಒಪ್ತಾರಾ ಅಂತ ಕೇಳಿದ್ದೀರಿ. ನಾನು ಈ ದೇಶಕ್ಕೆ ಬಂದು ನೆಲೆಸಿ ಬಹಳ ಕಾಲ ಆಯಿತು, ಕಾಬೂಲ್‌ಗೂ ಹೋಗಿ ಬಂದವನು. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲಿಗೆ, ಅವಸರ ಬೇಡ. ಇದು ಹಿರಿಯರಿಗೆ ಅಂತಲೇ ಮಾಡಿದ ಯೋಜನೆ. ನಮ್ಮ ಕಾಲದಲ್ಲಿ ಸರ್ಕಾರಿ ನೌಕರರ ವೇತನ ಶ್ರೇಣಿಯಲ್ಲಿ ಜಿಎಸ್-13 ಮತ್ತು ಅದಕ್ಕೆ ಮೇಲ್ಪಟ್ಟವರನ್ನು ತೆಗೆದುಕೊಳ್ಳುತ್ತಿದ್ದರು. ಇಲ್ಲಿನ ಕಚೇರಿಯಲ್ಲಿ ಪಳಗದವರು ಇನ್ನೊಂದು ದೇಶದ ಸಚಿವಾಲಯಕ್ಕೆ ಹೋಗಿ ಏನು ಹೇಳಲು ಸಾಧ್ಯ? ಅಫ್ಘಾನಿಸ್ತಾನದಲ್ಲಿ ಅಮೆರಿಕ ಖರ್ಚು ಮಾಡಿದ ಹಣದ ಮೇಲೆ ಕಣ್ಣಿಡುತ್ತಿದ್ದ ಸಿಗಾರ್ ಸಂಸ್ಥೆ 2017ರಲ್ಲಿ ಒಂದು ವರದಿ ಕೊಟ್ಟಿತು. ಅಫ್ಘನ್ ಪೊಲೀಸರಿಗೆ ಏನು ಕಲಿಸಬೇಕು ಅಂತ ತಿಳಿಯಲು ಒಬ್ಬ ಸೇನಾಧಿಕಾರಿ ಟಿವಿಯಲ್ಲಿ ಪೊಲೀಸ್ ಧಾರಾವಾಹಿ ನೋಡಿದ್ದ ಅಂತ ಅದರಲ್ಲಿದೆ! ನಗು ಬರುತ್ತೆ, ಆದರೆ ಪಾಪ, ಅವನನ್ನೇ ದೂರಿ ಏನು ಪ್ರಯೋಜನ. ತಯಾರಿ ಕೊಡದೆ ಕಳಿಸಿದವರದ್ದು ತಪ್ಪು. ಹೀಗೆ ತಯಾರಿ ಇಲ್ಲದವರನ್ನು ಕಳಿಸಬಾರದು ಅಂತಲೇ ಮೋಡಾ ಶುರುವಾಗಿದ್ದು. 2010ರಲ್ಲಿ ಮೊದಲ ತಂಡ ಕಾಬೂಲ್‌ಗೆ ಹೋಯಿತು. 2011ರ ಕೊನೆಯಲ್ಲಿ ಬಂದ ಕಾನೂನಿನಿಂದ ಬೇರೆ ದೇಶಗಳಿಗೂ ದಾರಿಯಾಯಿತು. ಕೊಸೊವೊ, ಜಾರ್ಜಿಯಾ, ಉಕ್ರೇನ್ ಎಲ್ಲ ಆಮೇಲೆ.

ನಮಗೆ ತರಬೇತಿ ಏಳು ವಾರ. ಅಫ್ಘನ್ನರ ಡರಿ ಭಾಷೆ ಸ್ವಲ್ಪ, ಇತಿಹಾಸ ಸ್ವಲ್ಪ, ಸುರಕ್ಷತೆಯ ಪಾಠ. ಇದೆಲ್ಲ ಕಷ್ಟವಲ್ಲ. ನಿಜವಾದ ಪರೀಕ್ಷೆ ಇಂಡಿಯಾನಾದ ಮಸ್ಕಾಟಟಕ್‌ನಲ್ಲಿ. ಅದು ಮುಂಚೆ ಮಾನಸಿಕ ಬೆಳವಣಿಗೆ ಕುಂಠಿತವಾದವರಿಗಾಗಿ ಸರ್ಕಾರ ನಡೆಸುತ್ತಿದ್ದ ಸಂಸ್ಥೆ. 2005ರಲ್ಲಿ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯದ ಮೀಸಲು ಸೇನೆಯ ಕೈಗೆ ಬಂತು. ಹಳೆ ಕಟ್ಟಡಗಳನ್ನು ಕೆಡವದೆ ಇಡೀ ಊರನ್ನೇ ತರಬೇತಿಗೆ ಬಳಸುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಅಫ್ಘನ್ನರು ಅಲ್ಲಿ ಮಂತ್ರಿ, ಜನರಲ್, ಗುಮಾಸ್ತರ ಪಾತ್ರ ಮಾಡುತ್ತಿದ್ದರು.

ನಮ್ಮ ಜೊತೆ ಒಬ್ಬ ಬಜೆಟ್ ತಜ್ಞರಿದ್ದರು. ಲೆಕ್ಕದಲ್ಲಿ ಹುಲಿ. ‘ಜನರಲ್’ ಎದುರು ಕೂತವರೇ ಕಾಗದ ಹರವಿದರು. ದುಭಾಷಿಯ ಮುಖ ನೋಡುತ್ತಾ ಒಂದೇ ಉಸಿರಿಗೆ ಮಾತಾಡಿದರು. ಅಷ್ಟುದ್ದದ ಮಾತು ದುಭಾಷಿ ಬಾಯಲ್ಲಿ ಎರಡು ಸಾಲಾಯಿತು. ಜನರಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಚಹಾ ಸುರಿದ, ಇವರ ತಂದೆ ಹೇಗಿದ್ದಾರೆ ಅಂತ ಕೇಳಿದ. ಇವರು “ಚೆನ್ನಾಗಿದ್ದಾರೆ” ಅಂದು ಮತ್ತೆ ಕಾಗದಕ್ಕೆ ಬಂದರು. ಸಮಯ ಮುಗಿಯಿತು. ತರಬೇತುದಾರರು ಕೇಳಿದ್ದು ಒಂದೇ ಪ್ರಶ್ನೆ: “ಜನರಲ್ ತಲೆನೋವು ಏನು ಅಂತ ಗೊತ್ತಾಯ್ತಾ?” ಮುಂದಿನ ಸಲ ಬಜೆಟ್ ತಜ್ಞರು ಕಾಗದವನ್ನೇ ಒಯ್ಯಲಿಲ್ಲ. ದುಭಾಷಿಯನ್ನು ಮೊದಲೇ ಕೂರಿಸಿಕೊಂಡು ವಿಷಯ ಹೇಳಿದರು. ಒಳಗೆ ಹೋಗಿ ಜನರಲ್ ಮುಖ ನೋಡಿಕೊಂಡು ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡಿದರು. ಜಾಸ್ತಿ ಕೇಳಿಸಿಕೊಂಡರು.

ಇನ್ನು ಕಾಬೂಲ್‌ನ ಕೆಲಸ. ಅಲ್ಲಿನ ರಕ್ಷಣಾ ಸಚಿವಾಲಯದಲ್ಲಿ ಎಂಒಡಿ-14 ಅಂತ ಒಂದು ಫಾರ್ಮ್ ಇತ್ತು. ಸಾಮಾನು ಬೇಕಾದ ಅಫ್ಘನ್ ಘಟಕ ಅದನ್ನು ತುಂಬಿ ಕಳಿಸಬೇಕು, ಅದು ಸಹಿ ಮೇಲೆ ಸಹಿ ಹಾಕಿಸಿಕೊಂಡು ಮೇಲೆ ಬರಬೇಕು. ಬಂದಾಗ ಬಂತು! ಕೇಳಿದ್ದು ಸಿಗುತ್ತೆ ಅನ್ನುವ ನಂಬಿಕೆ ಇಲ್ಲದವರು ಸಿಕ್ಕಿದ್ದನ್ನೆಲ್ಲ ಉಗ್ರಾಣದಲ್ಲಿ ಬಚ್ಚಿಡುತ್ತಿದ್ದರು. ಸಲಹೆಗಾರ ನಮ್ಮ ಸೇನೆಗೆ ಒಂದು ಫೋನ್ ಮಾಡಿದರೆ ಟೈರೋ ಡೀಸೆಲೋ ಬೇಗ ಬಂದುಬಿಡುತ್ತೆ. ಎಲ್ಲರಿಗೂ ಖುಷಿ. ಆದರೆ ಮುಂದಿನ ಸಲ ಯಾರೂ ಫಾರ್ಮ್ ತುಂಬುವುದಿಲ್ಲ, ನಿಮ್ಮ ಬಾಗಿಲಿಗೇ ಬರುತ್ತಾರೆ. ಹಾಗಂತ ಚಳಿಗಾಲದಲ್ಲಿ ಚೆಕ್‌ಪೋಸ್ಟ್‌ನ ಹುಡುಗರಿಗೆ ಇಂಧನ ಇಲ್ಲ ಅಂದಾಗ ಸುಮ್ನೆ ಕೂರಲು ಆಗುತ್ತಾ? ಇದಕ್ಕೆ ತರಬೇತಿಯಲ್ಲಿ ಉತ್ತರ ಸಿಗಲ್ಲ. ನನ್ನ ಪ್ರಕಾರ, ಪ್ರಾಣದ ಪ್ರಶ್ನೆ ಇದ್ದರೆ ಕೊಡಿಸಿ, ಆದರೆ ಆ ಫಾರ್ಮ್ ಎಲ್ಲಿ ನಿಂತಿದೆ ಅಂತ ಅವರ ಗುಮಾಸ್ತನ ಜೊತೆಗೇ ಹೋಗಿ ಹುಡುಕಿ. ಉಳಿದದ್ದಕ್ಕೆ ಕೈ ಹಾಕಬೇಡಿ. 2021ರಲ್ಲಿ ವಿದೇಶಿ ಗುತ್ತಿಗೆದಾರರು ಹೊರಟಾಗ ಅಫ್ಘನ್ ವಾಯುಪಡೆಯ ವಿಮಾನಗಳ ರಿಪೇರಿಗೆ ಸಾಕಷ್ಟು ಜನವೇ ಇಲ್ಲದಂತಾಯಿತು. ಅಷ್ಟೂ ವರ್ಷ ಆ ಕೆಲಸದ ಬಹುಪಾಲನ್ನು ನಾವೇ ಹೊತ್ತುಕೊಂಡಿದ್ದೆವು.

ಬದುಕಿನ ಬಗ್ಗೆ ಹೇಳುವುದಾದರೆ, ಕಾಬೂಲ್‌ಗೆ ಸಂಸಾರ ಕರೆದೊಯ್ಯುವ ಮಾತೇ ಇರಲಿಲ್ಲ. 2012ರ ಫೆಬ್ರವರಿಯಲ್ಲಿ ಅಲ್ಲಿನ ಒಳಾಡಳಿತ ಸಚಿವಾಲಯದ ಒಳಗೇ ಇಬ್ಬರು ಅಮೆರಿಕನ್ ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಸಲಹೆಗಾರರನ್ನೆಲ್ಲ ಸ್ವಲ್ಪ ಕಾಲ ಸಚಿವಾಲಯಗಳಿಂದ ಹಿಂದಕ್ಕೆ ಕರೆಸಿಕೊಂಡರು. ಆಮೇಲೆ ಸಭೆಗೆ ಹೋದರೂ ಬಂದೂಕು ಹಿಡಿದ ನಮ್ಮ ಯೋಧನೊಬ್ಬ ಕಾವಲಿಗೆ ಇರಬೇಕಾಯಿತು. ನಂಬಿಕೆ ಬೆಳೆಸಲು ಹೋಗಿದ್ದೀರಿ, ಕೋಣೆಯಲ್ಲಿ ಗುಂಡು ತುಂಬಿದ ಬಂದೂಕು! ಜನರಲ್‌ಗೂ ಅದು ಕಾಣುತ್ತೆ ಅಲ್ವಾ? ಕೊಸೊವೊದಂಥ ಕಡೆ ಹೀಗಿರುವುದಿಲ್ಲ. ಆದರೂ ಸಂಸಾರದ ವಿಷಯ ಯಾರ ಬಾಯಿ ಮಾತನ್ನೂ ನಂಬಬೇಡಿ, ನಿಮ್ಮನ್ನು ಕಳಿಸುವ ಆದೇಶದಲ್ಲಿ ಬರೆದಿದೆಯಾ ನೋಡಿ.

ಮುಖ, ಉಚ್ಚಾರದ ಚಿಂತೆ ಬಿಡಿ. “ನೀವು ನಿಜವಾಗಿ ಎಲ್ಲಿಯವರು?” ಅಂತ ಕೇಳೇ ಕೇಳುತ್ತಾರೆ, ಹೇಳಿಬಿಡಿ. ಒಂದು ವ್ಯವಸ್ಥೆಗೆ ಹೊರಗಿನಿಂದ ಬಂದು, ಯಾರ ಮಾತು ನಡೆಯುತ್ತೆ, ಯಾರ ಸಹಿ ಬರೀ ನೆಪಕ್ಕೆ ಅಂತ ಕಣ್ಣಲ್ಲೇ ಅಳೆಯುವುದು ವಲಸೆ ಬಂದವರಿಗೆ ಅಭ್ಯಾಸ. ಇಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಗಳು ಅದನ್ನು ಹೊಸದಾಗಿ ಕಲಿಯಬೇಕು. ಆದರೆ “ನಮ್ಮ ಕಡೆಯೂ ಹೀಗೇ” ಅಂತ ಎಲ್ಲದಕ್ಕೂ ಅನ್ನಬೇಡಿ. ನೀವು ಕೂತಿರುವುದು ಅಮೆರಿಕದ ಪರವಾಗಿ, ಅದನ್ನು ಅವರು ಮರೆಯುವುದಿಲ್ಲ.

ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಮೇಲಧಿಕಾರಿ ಜೊತೆ ಬ್ಯಾಕ್‌ಫಿಲ್ ವಿಷಯ ಮೊದಲೇ ಮಾತಾಡಿ. ನೀವು ಹೋದಾಗ ನಿಮ್ಮ ಜಾಗಕ್ಕೆ ತಾತ್ಕಾಲಿಕವಾಗಿ ಬರುವವರ ಖರ್ಚನ್ನು ಮೋಡಾ ಕೊಡುತ್ತಿತ್ತು. ಬಹಳ ಮೇಲಧಿಕಾರಿಗಳಿಗೆ ಇದು ಗೊತ್ತೇ ಇರಲ್ಲ, ಅದಕ್ಕೇ ಆಗಲ್ಲ ಅಂದುಬಿಡುತ್ತಾರೆ. ವಾಪಸ್ ಬಂದಾಗ ಯಾವ ಹುದ್ದೆಗೆ ಬರುತ್ತೀರಿ ಅನ್ನುವುದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.